ಮಾವನವರ ಗೋಡೆ ಬೆಣ್ಣೆಯಾದದ್ದು

"ಮಾವನವರ ಅಂಗಡಿಯ ಕೊನೇ ದಿನದ ಫೋಟೋ ನಾನೇ ತೆಗೀತೀನಿ! ಬೇರೆ ಯಾರೂ ಆವತ್ತು ಜೇಬಿನಿಂದ ಫೋನ್ ಕೂಡ ಹೊರಗೆ ತೆಗೀಕೂಡದು!"

ಹೀಗೆಂದು ನಾನು ಊಟದ ಮೇಜನ್ನು ಗುದ್ದಿ ಘೋಷಿಸಿದಾಗ ಉಪ್ಪಿನ ಡಬ್ಬಿ ಉರುಳಿಬಿತ್ತು. ನನ್ನ ಹೆಂಡತಿ ಅದನ್ನು ನೆಟ್ಟಗೆ ನಿಲ್ಲಿಸಿ, ಚೆಲ್ಲಿದ ಉಪ್ಪನ್ನು ಅಂಗೈಗೆ ಬಳಿದುಕೊಳ್ಳುತ್ತಾ ಕೇಳಿದಳು:

"ಫೋಟೋ ತೆಗೆಯೋಕೆ ಮೇಜು ಯಾಕೆ ಗುದ್ದಬೇಕು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಸುಮ್ಮನಾಗಿಬಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ, ನಮ್ಮ ಮಾವನವರ ಗೋಡೆ ಇರುತ್ತಿತ್ತು. ಈಗ ಬರಹ ಇದೆ, ಗೋಡೆ ಇಲ್ಲ. ನಗುವವರು ನಕ್ಕುಬಿಡಿ. ಹೇಳುವ ನನಗೆ ಮಾತ್ರ ಅರ್ಧ ನಗುವಷ್ಟೇ ಬರುತ್ತದೆ.

ಮೊದಲು ನನ್ನ ಕಾಯಿಲೆಯ ವಿಚಾರ. ಅದರ ಹೆಸರು ಪ್ರೈಮ್ ಲೆನ್ಸ್. ಕ್ಯಾಮೆರಾಕ್ಕೆ ಹಾಕುವ ಲೆನ್ಸುಗಳಲ್ಲಿ ಝೂಮ್ ಎಂಬುದೊಂದಿದೆ. ಅದರ ಕತ್ತು ತಿರುಗಿಸಿದರೆ ದೂರದ್ದು ಹತ್ತಿರ ಬರುತ್ತದೆ, ಹತ್ತಿರದ್ದು ದೂರ ಹೋಗುತ್ತದೆ. ಸಾಧು ಸ್ವಭಾವ. ಪ್ರೈಮ್ ಹಾಗಲ್ಲ, ಮಹಾ ಹಟಮಾರಿ! ತಾನು ಮಾತ್ರ ಒಂದಿಷ್ಟೂ ಜಗ್ಗುವುದಿಲ್ಲ. ಹತ್ತಿರ ಬೇಕಾದರೆ ನೀವೇ ನಡೆದು ಮುಂದೆ ಹೋಗಬೇಕು, ದೂರ ಬೇಕಾದರೆ ನೀವೇ ಹಿಂದೆ ಸರಿಯಬೇಕು. ಇಷ್ಟು ಕಾಟ ಕೊಟ್ಟದ್ದಕ್ಕೆ ಅದೊಂದು ವರವನ್ನೂ ಕೊಡುತ್ತದೆ. ಬೆಳಕು ಒಳಗೆ ಬರುವ ಅದರ ಬಾಯನ್ನು ಪೂರ್ತಿ ತೆರೆದು ಒಬ್ಬರ ಮುಖವನ್ನು ಹಿಡಿದರೆ ಹುಬ್ಬಿನ ಕೂದಲು ಎಣಿಸಬಹುದು. ಬೆನ್ನ ಹಿಂದಿರುವುದೆಲ್ಲ ಮಾತ್ರ ಕರಗಿ ಹೋಗಿರುತ್ತದೆ. ಕಸದ ತೊಟ್ಟಿ ಇದ್ದರೂ ಸಂಜೆಯ ಮೋಡದಂತೆ ಕಾಣುತ್ತದೆ! ಹೀಗೆ ಕರಗಿದ ಹಿನ್ನೆಲೆಗೆ ನಮ್ಮ ಭಾಷೆಯಲ್ಲಿ 'ಬೆಣ್ಣೆ' ಎನ್ನುತ್ತಾರೆ.

'ನಮ್ಮ ಭಾಷೆ' ಎಂದರೆ ನಮ್ಮ ಪ್ರೈಮ್ ಬಳಗದ ಭಾಷೆ. ಫೋನಿನಲ್ಲಿ ಸೇರಿ, ಒಬ್ಬರ ಫೋಟೋವನ್ನು ಇನ್ನೊಬ್ಬರು ವಿಮರ್ಶೆ ಮಾಡುವ ಮಹಾಸಭೆ ಇದು. ಲೆನ್ಸಿನ ಬಾಯಿ ಪೂರ್ತಿ ತೆರೆದೇ ಫೋಟೋ ತೆಗೆಯಬೇಕು ಎಂಬುದು ನಮ್ಮ ವ್ರತ. ಹಿಂದಿರುವುದೂ ಕಾಣಲಿ ಎಂದು ಅದನ್ನು ಕಿರಿದು ಮಾಡಿ ತೆಗೆದವನು ಅಂಜುಬುರುಕ. ನನ್ನ ಹೆಂಡತಿ ಇದಕ್ಕೆ 'ಬಾಯಿ ತೆರೆದವರ ಸಂಘ' ಎಂದು ಹೆಸರಿಟ್ಟಿದ್ದಾಳೆ. ಸಂಘದಲ್ಲಿ ಮೂವರು ದಿಗ್ಗಜರು. ಏನು ಹಾಕಿದರೂ "ಆಹಾ, ಬೆಣ್ಣೆ!" ಎನ್ನುವವರು ಬೆಣ್ಣೆಯಣ್ಣ. ಏನು ಹಾಕಿದರೂ "ಆ ಕಡೆ ಸ್ವಲ್ಪ ಕತ್ತರಿಸಿ" ಎನ್ನುವವರು ಕತ್ತರಿಯಕ್ಕ. ಎಲ್ಲರಿಗಿಂತ ಹಿರಿಯರು, ಫೋಟೋವನ್ನು ದೊಡ್ಡದು ಮಾಡಿ ಮಾಡಿ ಕಣ್ಣಿನ ರೆಪ್ಪೆಗೆ ಹೋಗಿ ಕೂರುವವರು ರೆಪ್ಪೆತಾತ.

ಒಂದು ಸಲ ನನ್ನ ಹೆಂಡತಿಯ ಫೋಟೋ ಹಾಕಿದ್ದೆ. "ಎಡಗಣ್ಣು ಅದ್ಭುತ, ಬಲಗಣ್ಣು ಸ್ವಲ್ಪ ಹೋಗಿದೆ" ಎಂದು ರೆಪ್ಪೆತಾತ ತೀರ್ಪು ಕೊಟ್ಟರು. ಅದನ್ನು ನಾನು ಖುಷಿಯಿಂದ ಅವಳಿಗೆ ಓದಿ ಹೇಳಿದೆ.

"ನನ್ನ ಬಲಗಣ್ಣು ಎಲ್ಲಿಗೆ ಹೋಗಿದೆಯಂತೆ?" ಎಂದಳು. ಆ ದಿನ ಎರಡೂ ಕಣ್ಣು ನನ್ನ ಮೇಲೇ ಇದ್ದವು.

ಇನ್ನು ನಮ್ಮ ಮಾವನವರು. ಅವರದು ರಬ್ಬರ್ ಸ್ಟಾಂಪ್ ಮಾಡುವ ಅಂಗಡಿ. ಅಂಗಡಿ ಎಂದರೆ, ಒಳಗೆ ನಿಂತು ಕೈ ಚಾಚಿದರೆ ಎರಡು ಬದಿಯ ಗೋಡೆಗಳೂ ಸಿಗುವಷ್ಟು. ಮಾವ ಒಂದು ಸ್ಟೂಲಿನ ಮೇಲೆ ಕುಳಿತು ಅಕ್ಷರ ಜೋಡಿಸುತ್ತಿದ್ದರು. ಅತ್ತೆ ಪಕ್ಕದ ಸ್ಟೂಲಿನ ಮೇಲೆ ಕುಳಿತು ರಬ್ಬರಿಗೆ ಮರದ ಹಿಡಿ ಅಂಟಿಸುತ್ತಿದ್ದರು. ಸ್ಟಾಂಪ್ ತಯಾರಾದ ಕೂಡಲೇ ಮಾವ ಅದನ್ನು ಇಂಕಿಗೆ ಅದ್ದಿ, ಸ್ಟೂಲಿನಲ್ಲಿ ಕುಳಿತಂತೆಯೇ ಸೊಂಟ ತಿರುಗಿಸಿ, ಬೆನ್ನ ಹಿಂದಿನ ಗೋಡೆಗೆ ಠಪ್ ಎಂದು ಒತ್ತುತ್ತಿದ್ದರು. ಮೊದಲ ಮುದ್ರೆ ಯಾವಾಗಲೂ ಗೋಡೆಗೆ.

"ಕಾಗದಕ್ಕೆ ಒತ್ತಿ ನೋಡಬಾರದಾ ಮಾವ?" ಎಂದು ನಾನು ಹೊಸ ಅಳಿಯನಾಗಿದ್ದಾಗ ಕೇಳಿದ್ದೆ.

"ಕಾಗದ ಹಾರಿ ಹೋಗುತ್ತೆ. ಗೋಡೆ ಎಲ್ಲಿಗೆ ಹೋಗುತ್ತೆ?" ಎಂದಿದ್ದರು.

ಹೀಗೆ ಒತ್ತಿ ಒತ್ತಿ ಆ ಗೋಡೆಯಲ್ಲಿ ಒಂದು ಬೆರಳಿಡುವಷ್ಟೂ ಜಾಗ ಉಳಿದಿರಲಿಲ್ಲ. ನೆಲದಿಂದ ಸೂರಿನವರೆಗೂ ನೇರಳೆ ಬಣ್ಣದ ಅಕ್ಷರಗಳು! ದಂತವೈದ್ಯರು, ಮುಖ್ಯೋಪಾಧ್ಯಾಯಿನಿ, ಮುಚ್ಚಿಹೋದ ಬ್ಯಾಂಕಿನ ಗುಂಡನೆಯ ಮೊಹರು, 'ರದ್ದಾಗಿದೆ', 'ತಡವಾಗಿ ತಲುಪಿದೆ', 'ಮೂಲ ಪ್ರತಿಯಂತಿದೆ'. ತೀರಾ ಕೆಳಗೆ, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ, ಒಂದೇ ಮಾತು ಹತ್ತಾರು ಸಲ ಸೊಟ್ಟಸೊಟ್ಟಗೆ ಒತ್ತಿತ್ತು: 'ಇದು ನನ್ನದು'. ನನ್ನ ಹೆಂಡತಿ ಶಾಲೆಗೆ ಸೇರಿದಾಗ ಪುಸ್ತಕಗಳ ಮೇಲೆ ಒತ್ತಿಕೊಳ್ಳಲಿ ಎಂದು ಮಾವ ಮಾಡಿಕೊಟ್ಟ ಸ್ಟಾಂಪ್ ಅದು. ಪುಸ್ತಕಕ್ಕಿಂತ ಗೋಡೆಗೇ ಅವಳು ಹೆಚ್ಚು ಒತ್ತಿದ್ದಳು.

ಮಾವನವರ ಎರಡು ಕಣ್ಣಿಗೂ ಪೊರೆ ಬಂತು. ಅವರು ಯಾರಿಗೂ ಹೇಳದೆ ಅಂದಾಜಿನ ಮೇಲೆ ಅಕ್ಷರ ಜೋಡಿಸಿಕೊಂಡು ಹೋದರು. ಕೊನೆಗೆ ಒಬ್ಬ ವೈದ್ಯರಿಗೆ ಮಾಡಿಕೊಟ್ಟ ಸ್ಟಾಂಪು ಹಿಂದುಮುಂದಾಗಿ, ರೋಗಿಗಳು ಔಷಧದ ಚೀಟಿಯನ್ನು ಕನ್ನಡಿಗೆ ಹಿಡಿದು ಓದಬೇಕಾಯಿತು. ಆ ವೈದ್ಯರು ನಗುತ್ತಲೇ ವಾಪಸ್ಸು ತಂದುಕೊಟ್ಟರು. ಮಾವ ನಗಲಿಲ್ಲ. ಅಂದು ಸಂಜೆಯೇ "ಅಂಗಡಿ ಬಿಟ್ಟುಬಿಡ್ತೀನಿ" ಎಂದರು. ಆಪರೇಷನ್ ಆದ ಮೇಲೆ ಧೂಳು, ಅಂಟಿನ ಘಾಟು ಯಾವುದೂ ಕೂಡದು ಎಂದು ಕಣ್ಣಿನ ಡಾಕ್ಟರ್ ಹೇಳಿದ್ದರಿಂದ ಮೊದಲು ಅಂಗಡಿ ಖಾಲಿ, ಆಮೇಲೆ ಕಣ್ಣು ಎಂದು ತೀರ್ಮಾನವಾಯಿತು. ಅಂಗಡಿಯನ್ನು ಬಾಡಿಗೆಗೆ ಹಿಡಿಯಲು ಬೇರೆಯವರು ಸಿದ್ಧರಾಗಿಯೂ ಇದ್ದರು.

ಆಗ ಮಾವ ನನ್ನನ್ನು ಕರೆದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಅಳಿಯಂದಿರೇ, ನನಗೆ ಒಂದೇ ಒಂದು ಫೋಟೋ ಬೇಕು. ನಾನು, ನಿಮ್ಮ ಅತ್ತೆ, ಹಿಂದೆ ಗೋಡೆ. ಈಗ ತಿರುಗಿ ನೋಡಿದ್ರೆ ಗೋಡೆ ಕಾಣೋದಿಲ್ಲ, ಬರೀ ನೇರಳೆ ಮಂಜು. ಕಣ್ಣು ಬಂದ್ಮೇಲೆ ಆರಾಮಾಗಿ ಕೂತ್ಕೊಂಡು ಒಂದೊಂದೇ ಓದ್ಬೇಕು. ಇಷ್ಟು ವರ್ಷ ಒತ್ತಿದೀನೇ ಹೊರತು ಓದೋಕೆ ಪುರಸೊತ್ತೇ ಆಗ್ಲಿಲ್ಲ."

ಕೇಳಿದ್ದು ಮೂರು ವಸ್ತು. ಯಾವ ಭಾಷೆಯಲ್ಲಿ ಹೇಳಿದ್ದರೂ ಅರ್ಥವಾಗುವಷ್ಟು ಸರಳ. ಅರ್ಥವಾಗದೆ ಹೋದದ್ದು ನನಗೊಬ್ಬನಿಗೇ! ನನ್ನ ತಲೆಯಲ್ಲಿ ಆಗಲೇ ಚಿತ್ರ ತಯಾರಾಗಿತ್ತು: ಹಿರಿಯ ಕುಶಲಕರ್ಮಿಯ ಮುಖ, ಸುಕ್ಕು, ಕಣ್ಣಿನ ಹೊಳಪು, ಹಿಂದೆ ನೇರಳೆ ಬೆಣ್ಣೆ! ಬಳಗದಲ್ಲಿ ಜಯಜಯಕಾರ! ಆ ಉಬ್ಬಿನಲ್ಲೇ ಮೇಜು ಗುದ್ದಿದ್ದು, ಉಪ್ಪು ಚೆಲ್ಲಿದ್ದು.

ಕೊನೆಯ ದಿನ ಬಂತು. ನನ್ನ ಲೆನ್ಸ್ ಎಂಬತ್ತೈದು ಮಿಲಿಮೀಟರಿನದು. ಎಂದರೆ ಮೈದಾನದಲ್ಲಿ ದೂರ ನಿಂತು ತೆಗೆಯಬೇಕಾದದ್ದು. ಅದನ್ನು ಹಿಡಿದುಕೊಂಡು ಆ ಗೂಡಿನೊಳಗೆ ನುಗ್ಗಿದರೆ ಮಾವನವರ ಮೂಗು ಮಾತ್ರ ಹಿಡಿಸಿತು. ಒಂದು ಹೆಜ್ಜೆ ಹಿಂದೆ ಸರಿದೆ, ಮೂಗಿನ ಜೊತೆ ಮೀಸೆ ಬಂತು. ಇನ್ನೊಂದು ಹೆಜ್ಜೆ, ಗಲ್ಲ ಬಂತು. ಹೊಸಿಲು ದಾಟಿದೆ, ಮೆಟ್ಟಿಲು ಇಳಿದೆ, ಕಾಲುದಾರಿಗೆ ಬಂದೆ. ಕಣ್ಣು ಕ್ಯಾಮೆರಾದಲ್ಲಿ, ಹಿಂಬದಿ ರಸ್ತೆಯಲ್ಲಿ! ಕೊನೆಗೆ ಏನೋ ಢಿಕ್ಕಿ ಹೊಡೆಯಿತು. ತಿರುಗಿ ನೋಡಿದರೆ ಏಣಿ. ಏಣಿಯ ಕೆಳಗೆ ಬಣ್ಣ ಬಳಿಯುವವ.

"ಮುಗೀತಾ ಸಾರ್? ಹೊಸಬರು ಗೋಡೆ ಅಳತೆ ನೋಡ್ಕೊಂಡು ಬಾ ಅಂದ್ರು. ನಾಳೆ ಬೆಳಗ್ಗೆನೇ ಬಿಳೀ ಬಣ್ಣ ಶುರು" ಎಂದ.

"ಸ್ವಲ್ಪ ತಾಳಪ್ಪ, ಇಲ್ಲಿ ಕಲೆ ನಡೀತಿದೆ!" ಎಂದು ಗದರಿದೆ. ಪಾಪ, ಅವನು ಏಣಿಯ ಸಮೇತ ಪಕ್ಕಕ್ಕೆ ಸರಿದು ನಿಂತ.

ಒಳಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದರು. ಅತ್ತೆ ಕೆಂಪು ಸ್ವೆಟರ್ ಹಾಕಿಕೊಂಡು ಪಕ್ಕದ ಸ್ಟೂಲಿನಲ್ಲಿ, ಗೋಡೆಗೆ ಒರಗಿ, ಕೊಟ್ಟ ಮಾತು ತಪ್ಪಬಾರದೆಂದು ಕೊನೆಯ ಸ್ಟಾಂಪಿಗೆ ಹಿಡಿ ಅಂಟಿಸುತ್ತಿದ್ದರು.

"ಗೋಡೆ ಬರ್ತಿದೆಯಾ ಅಳಿಯಂದಿರೇ?" ಮಾವ ಒಳಗಿನಿಂದ ಕೂಗಿದರು.

"ಬರ್ತಿದೆ ಮಾವ, ಅದ್ಭುತವಾಗಿ ಬರ್ತಿದೆ!"

"ನಿಮ್ಮ ಅತ್ತೆ?"

"ಅವರೂ ಬರ್ತಿದಾರೆ, ನೀವು ಅಲುಗಾಡಬೇಡಿ! ಕಣ್ಣು ನನ್ನ ಕಡೆ!"

"ಯಾವ ಕಡೆ ಇದೀರೋ ಕಾಣ್ತಿಲ್ಲವಲ್ಲಪ್ಪಾ" ಎಂದು ಮಾವ ದನಿ ಬಂದತ್ತ ಮುಖ ತಿರುಗಿಸಿದರು. ಆಹಾ, ಆ ನೋಟ! ನಾನು ಕ್ಲಿಕ್ಕಿಸುತ್ತಲೇ ಹೋದೆ.

ಅಷ್ಟರಲ್ಲಿ ನನ್ನ ಹೆಂಡತಿ ಪಕ್ಕಕ್ಕೆ ಬಂದು ನಿಂತು ಮೆಲ್ಲನೆ ತನ್ನ ಫೋನ್ ಎತ್ತಿದಳು.

"ಒಂದು ನಾನೂ ತೆಗೀತೀನಿ ರೀ."

"ಕೆಳಗಿಡು! ಫೋನಿನಲ್ಲಿ ತೆಗೆದ್ರೆ ಎಲ್ಲಾ ಸ್ಪಷ್ಟವಾಗಿ ಬಂದುಬಿಡುತ್ತೆ!"

"ಬರಲಿ ಬಿಡಿ. ಅದಕ್ಕೇ ತಾನೇ ಫೋಟೋ ತೆಗೆಯೋದು?"

"ಅದು ದಾಖಲೆ ಆಗುತ್ತೆ ಕಣೇ, ಕಲೆ ಆಗೋದಿಲ್ಲ. ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ?"

ನಂಬಿಕೆಯ ಪ್ರಶ್ನೆ ಎತ್ತಿದರೆ ಯಾವ ಹೆಂಡತಿ ತಾನೇ ಏನು ಮಾಡಿಯಾಳು? ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಅವಳು ಚೀಲದ ಜಿಪ್ಪು ಎಳೆದ ಸದ್ದು ನನಗೆ ಆಗ ಗೆಲುವಿನ ಸದ್ದಿನ ಹಾಗೆ ಕೇಳಿಸಿತ್ತು.

ಮನೆಗೆ ಬಂದವನೇ ಒಂದು ಚಿತ್ರವನ್ನು ಆರಿಸಿ ಬಳಗಕ್ಕೆ ಹಾಕಿದೆ. 'ದಯವಿಟ್ಟು ನಿಷ್ಠುರವಾಗಿ ವಿಮರ್ಶಿಸಿ' ಎಂದು ಬರೆದೆ. ಹೀಗೆ ಬರೆಯುವವರೆಲ್ಲ ಹೊಗಳಿಕೆಗೇ ಕಾಯುತ್ತಿರುತ್ತಾರೆ ಎಂಬುದು ಬಳಗಕ್ಕೆಲ್ಲ ಗೊತ್ತು.

"ಆಹಾ! ಬೆಣ್ಣೆ! ಕೈ ಹಾಕಿದ್ರೆ ಮುಳುಗಿಹೋಗುತ್ತೆ! ಹಿಂದೆ ಇರೋದು ಯಾವ ರೇಷ್ಮೆ ಪರದೆ?" ಬೆಣ್ಣೆಯಣ್ಣ ಕೇಳಿದರು.

ಪರದೆಯಲ್ಲ, ಅಕ್ಷರ ತುಂಬಿದ ಗೋಡೆ ಎಂದು ಬರೆದೆ.

"ಗೋಡೆಯಾ! ಒಂದು ಅಕ್ಷರಾನೂ ಕಾಣದ ಹಾಗೆ ಮಾಡಿದೀರಲ್ಲ! ಕೈ ಕೊಡಿ!"

ಕೈ ಕೊಟ್ಟೆ. ಎಂದರೆ, ಕೈ ಮುಗಿದ ಚಿತ್ರ ಕಳಿಸಿದೆ. ಅಷ್ಟು ಹೊತ್ತಿಗೆ ರೆಪ್ಪೆತಾತ ಎಡಗಣ್ಣಿನ ಮೂರನೆಯ ರೆಪ್ಪೆಯ ತುದಿಯವರೆಗೂ ಪ್ರಯಾಣ ಮಾಡಿ ಹಿಂದಿರುಗಿ, "ತೃಪ್ತಿಯಾಯಿತು" ಎಂದು ಒಂದೇ ಮಾತು ಬರೆದಿದ್ದರು. ನನ್ನ ಇಷ್ಟು ವರ್ಷದ ಸಂಸಾರದಲ್ಲಿ ಯಾರೂ ನನಗೆ ಹಾಗೆಂದಿರಲಿಲ್ಲ!

ಕೊನೆಗೆ ಕತ್ತರಿಯಕ್ಕ ಬಂದರು. "ಎಲ್ಲ ಸರಿ. ಆದರೆ ಬಲತುದಿಯಲ್ಲಿ ಅದೇನದು ಕೆಂಪಗೆ? ಕಣ್ಣು ಅಲ್ಲಿಗೇ ಓಡುತ್ತೆ. ಕತ್ತರಿಸಿ ಬಿಸಾಕಿ."

ನೋಡಿದೆ. ಹೌದು, ಬಲತುದಿಯಲ್ಲಿ ಏನೋ ಕೆಂಪು ಮುದ್ದೆ. ಬೆಣ್ಣೆಯಲ್ಲಿ ಬಿದ್ದ ಟೊಮೇಟೊ ಹಾಗಿತ್ತು. ಸರ್ರನೆ ಕತ್ತರಿಸಿದೆ. ಅದು ಅತ್ತೆ ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾದರೆ ಅವರು ಅಷ್ಟಾದರೂ ಕಾಣಬೇಕಲ್ಲ!

ಚಿತ್ರವನ್ನು ಬಾಗಿಲಿನಷ್ಟಲ್ಲದಿದ್ದರೂ ಕಿಟಕಿಯಷ್ಟು ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ, ಬಟ್ಟೆ ಮುಚ್ಚಿ ಬೀರುವಿನ ಹಿಂದೆ ಇಟ್ಟೆ. "ಮಾವನಿಗೆ ಕಣ್ಣು ಬಂದ್ಮೇಲೆ ಅವರೇ ಮೊದಲು ನೋಡ್ಬೇಕು" ಎಂದು ಹೆಂಡತಿಗೂ ತೋರಿಸಲಿಲ್ಲ. ಅವಳಿಗೆ ಈ ಮಾತು ತುಂಬ ಇಷ್ಟವಾಯಿತು. "ಒಂದೊಂದು ಸಲ ನೀವು ಎಷ್ಟು ಒಳ್ಳೆಯವರು ರೀ" ಎಂದಳು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಆಪರೇಷನ್ನಿಗೆ ಮೊದಲು ಡಾಕ್ಟರಮ್ಮ ನಮ್ಮೆಲ್ಲರನ್ನೂ ಕೂರಿಸಿಕೊಂಡು ವಿವರಿಸಿದರು. ಪೊರೆ ತೆಗೆದು ಕಣ್ಣಿನೊಳಗೆ ಒಂದು ಪುಟ್ಟ ಲೆನ್ಸ್ ಇಡುತ್ತಾರಂತೆ. ಅದನ್ನು ಒಂದೇ ದೂರಕ್ಕೆ ಹೊಂದಿಸಿರುತ್ತಾರಂತೆ. ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ, ಓದುವುದಕ್ಕೆ ಮಾತ್ರ ಕನ್ನಡಕ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅಂದ್ರೆ ಪ್ರೈಮ್! ಡಾಕ್ಟರಮ್ಮ, ನೀವು ಹಾಕ್ತಿರೋದು ಪ್ರೈಮ್ ಲೆನ್ಸು!"

ಡಾಕ್ಟರಮ್ಮ ನನ್ನನ್ನು ನೋಡಿದರು. ಆಮೇಲೆ ನನ್ನ ಹೆಂಡತಿಯನ್ನು ನೋಡಿದರು.

"ಅವರಿಗೆ ಅಭ್ಯಾಸ ಡಾಕ್ಟ್ರೇ. ನೀವು ಹೇಳಿ" ಎಂದಳು ಅವಳು.

ಒಂದಾದ ಮೇಲೆ ಒಂದರಂತೆ ಎರಡು ಕಣ್ಣಿಗೂ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮಾವ ನಮ್ಮ ಮನೆಗೆ ಬಂದು ಕುಳಿತು, ಲೋಕವನ್ನು ಹೊಸದಾಗಿ ನೋಡತೊಡಗಿದರು. ಫ್ಯಾನಿನ ರೆಕ್ಕೆಯ ಧೂಳು ಕಂಡಿತು. ಸೂರಿನ ಬಿರುಕು ಕಂಡಿತು. ಮಗಳ ಕಡೆ ತಿರುಗಿ, "ಏನಮ್ಮಾ, ನಿನಗೂ ಕೂದಲು ನರೆತಿದೆಯಲ್ಲ!" ಎಂದು ಸಂಭ್ರಮದಿಂದ ಕೂಗಿದರು. ಆಮೇಲೆ ಅತ್ತೆಯನ್ನು ಬಹಳ ಹೊತ್ತು ನೋಡಿದರು.

"ಏನೇ ಇದು, ಇಷ್ಟು ಬಡವಾಗಿದೀಯಾ? ನಾನು ನೋಡೇ ಇರ್ಲಿಲ್ಲ."

"ನೋಡದೇ ಇದ್ದಾಗಲೇ ಚೆನ್ನಾಗಿತ್ತು. ಫ್ಯಾನಿನ ಧೂಳೆಲ್ಲ ಎಣಿಸಬೇಡಿ, ಸುಮ್ನೆ ಕೂತ್ಕೊಳ್ಳಿ" ಎಂದರು ಅತ್ತೆ. ಹಾಗೆ ಅಂದವರು ಯಾಕೋ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಇದೇ ಸಮಯ ಎಂದು ನಾನು ಚೌಕಟ್ಟನ್ನು ತಂದು ಎದುರಿನ ಕುರ್ಚಿಯ ಮೇಲೆ ಇಟ್ಟೆ. ಎರಡು ಮಾತು ಭಾಷಣವನ್ನೂ ಮಾಡಿದೆ. ಬಟ್ಟೆ ಎಳೆದೆ.

ಮಾವನವರ ಮುಖದಲ್ಲಿ ಅರಳುತ್ತಿದ್ದ ನಗು ಹಾಗೇ ನಿಂತಿತು. ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಮುಚ್ಚಿ ನೋಡಿದರು. ಮುಂದೆ ಬಾಗಿದರು, ಹಿಂದೆ ಒರಗಿದರು. ಆಮೇಲೆ ಕುರ್ಚಿಯ ಕೈ ಹಿಡಿದುಕೊಂಡು ನಡುಗುವ ದನಿಯಲ್ಲಿ ಅಂದರು:

"ಹೋಯ್ತಮ್ಮಾ... ಮತ್ತೆ ಹೋಯ್ತು. ಅದೇ ನೇರಳೆ ಮಂಜು! ಆಪರೇಷನ್ ಕೆಟ್ಟಿದೆ. ನನ್ನನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ!"

ಮನೆ ಅಲ್ಲೋಲಕಲ್ಲೋಲ! ಅತ್ತೆ ನೀರು ತರಲು ಓಡಿದರು. ಹೆಂಡತಿ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದು ಕಾಲಿಗೆ ನನ್ನ ಚಪ್ಪಲಿ ಮೆಟ್ಟಿಕೊಂಡು ಕಾರು ಕರೆಯಲು ಹೊರಟಳು. "ಮಾವ, ನಿಮ್ಮ ಕಣ್ಣು ಸರಿಯಾಗೇ ಇದೆ, ಅದು ಬೆಣ್ಣೆ!" ಎಂದು ನಾನು ಕೂಗುತ್ತಿದ್ದೆ. "ಈ ಹೊತ್ತಿನಲ್ಲಿ ಬೆಣ್ಣೆ ಯಾಕೆ ರೀ!" ಎಂದು ಹೆಂಡತಿ ಕೂಗುತ್ತಿದ್ದಳು. ಡಾಕ್ಟರಿಗೆ ತೋರಿಸಬೇಕೆಂದು ಮಾವ ಆ ಚೌಕಟ್ಟನ್ನು ಎದೆಗೆ ಅಪ್ಪಿಕೊಂಡೇ ಕಾರು ಹತ್ತಿದರು.

ಡಾಕ್ಟರಮ್ಮ ಅವರನ್ನು ಕೂರಿಸಿ ಪರೀಕ್ಷೆ ಮಾಡಿದರು. ಗೋಡೆಯ ಹಲಗೆಯಲ್ಲಿದ್ದ ಅಕ್ಷರಗಳನ್ನು ಮಾವ ಮೇಲಿನಿಂದ ಕೆಳಗಿನ ಸಾಲಿನವರೆಗೆ ತಡವರಿಸದೆ ಓದಿದರು. ಹಲಗೆ ಮುದ್ರಿಸಿದವರ ಹೆಸರು ಮೂಲೆಯಲ್ಲಿ ಇರುವೆಯಷ್ಟಿತ್ತು, ಅದನ್ನೂ ಓದಿದರು!

"ಎಲ್ಲ ಚೆನ್ನಾಗಿದೆಯಲ್ಲ?"

"ಹಾಗಾದ್ರೆ ಇದು?" ಮಾವ ಚೌಕಟ್ಟನ್ನು ಎತ್ತಿ ಹಿಡಿದರು.

ಡಾಕ್ಟರಮ್ಮ ನೋಡಿದರು. ತಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಹತ್ತಿರ ಬಂದರು, ದೂರ ಹೋದರು.

"ಇದನ್ನ ತೆಗೆದವರು ಯಾರು?"

ಮೂರು ಬೆರಳು ನನ್ನ ಕಡೆ ತಿರುಗಿದವು.

"ಓ, ಇವರಾ? ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಯಜಮಾನ್ರೇ. ಏಳಿ, ಇವರನ್ನ ಕೂರಿಸಿ, ಒಂದ್ಸಲ ನೋಡಿಬಿಡ್ತೀನಿ."

ನರ್ಸುಗಳು ನಕ್ಕರು. ಬಾಗಿಲ ಬಳಿ ಕಾಯುತ್ತಿದ್ದವರೂ ನಕ್ಕರು. ನಾನೂ ನಕ್ಕು ಪಾರಾಗೋಣವೆಂದು ಹೆಂಡತಿಯ ಮುಖ ನೋಡಿದೆ. ಅವಳು ಚಿತ್ರವನ್ನು ಮೊದಲ ಸಲ ಸರಿಯಾಗಿ ನೋಡುತ್ತಿದ್ದಳು. ಕೆಳಗಡೆ, 'ಇದು ನನ್ನದು' ಇರಬೇಕಾದ ಜಾಗದಲ್ಲಿ ಅವಳ ಕಣ್ಣು ಹುಡುಕುತ್ತಿತ್ತು. ನನ್ನ ನಗು ಅಲ್ಲೇ ಸತ್ತಿತು.

ಹಿಂದಿರುಗುವಾಗ ಕಾರಿನಲ್ಲಿ ಸ್ವಲ್ಪ ದೂರ ಬಂದ ಮೇಲೆ ಮಾವ ತಮಗೆ ತಾವೇ ಎಂಬಂತೆ, "ಹಾಗಾದ್ರೆ ಕಣ್ಣು ಬಂದಿದೆ. ಗೋಡೆ ಬಂದಿಲ್ಲ, ಅಷ್ಟೇ" ಎಂದರು. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಅವರನ್ನು ಮನೆಗೆ ಬಿಟ್ಟು ನೇರ ಅಂಗಡಿಗೆ ಓಡಿದೆ. ಎಷ್ಟೋ ದಿನವಾಗಿದೆ, ಬಳಿದಿರುತ್ತಾರೆ ಎಂದು ಗೊತ್ತಿದ್ದೂ ಓಡಿದೆ. ಒಳಗೆ ಹೊಸ ಕಪಾಟುಗಳು ಬಂದಿದ್ದವು. ಗೋಡೆ ಹಾಲಿನಂತೆ ಬೆಳ್ಳಗಿತ್ತು. ಅಂದು ಏಣಿ ಹಿಡಿದು ನಿಂತಿದ್ದ ಬಣ್ಣ ಬಳಿಯುವವನೇ ಮೂಲೆಯಲ್ಲಿ ಕುಳಿತು ಕಿಟಕಿಗೆ ಬಣ್ಣ ಹಚ್ಚುತ್ತಿದ್ದ.

"ಈ ಗೋಡೆ ಸಾಕಪ್ಪಾ ಸಾಕು ಅನ್ನಿಸಿಬಿಡ್ತು ಸಾರ್. ಎರಡು ಕೋಟ್ ಹೊಡೆದ್ರೂ ಅಕ್ಷರ ಮೇಲೆ ಬರ್ತಾನೇ ಇತ್ತು. ಮೂರನೇದು ಹೊಡೆದ ಮೇಲೇ ಸುಮ್ಮನಾಗಿದ್ದು" ಎಂದ. ನಾನು ಬಿಳಿ ಗೋಡೆಯ ಮೇಲೆ ಕೈಯಿಟ್ಟು ನಿಂತುಕೊಂಡೆ. ಎಲ್ಲೂ ಒಂದು ಅಕ್ಷರದ ನೆರಳೂ ಇರಲಿಲ್ಲ.

ಉಳಿದದ್ದು ಬಳಗ. 'ಕರಗಿದ ಹಿನ್ನೆಲೆಯನ್ನು ಮತ್ತೆ ಸ್ಪಷ್ಟ ಮಾಡುವ ಉಪಾಯ ಯಾರಿಗಾದರೂ ಗೊತ್ತೇ? ದಯವಿಟ್ಟು ಹೇಳಿ, ತುಂಬಾ ಮುಖ್ಯ' ಎಂದು ಬರೆದೆ. ಊಟದ ಮಧ್ಯೆ ಕಲ್ಲು ಸಿಕ್ಕವರಂತೆ ಎಲ್ಲರೂ ಒಮ್ಮೆಲೇ ನಿಂತುಬಿಟ್ಟರು.

"ಬೆಣ್ಣೆ ಬೇಡವಾ? ಹುಷಾರಾಗಿದೀರಾ?" ಎಂದರು ಬೆಣ್ಣೆಯಣ್ಣ.

"ಕಣ್ಣು ಅಷ್ಟು ಚೆನ್ನಾಗಿರುವಾಗ ಹಿಂದಿರೋದು ಯಾರಿಗೆ ಬೇಕು?" ಎಂದರು ಕತ್ತರಿಯಕ್ಕ.

"ಲೆನ್ಸ್ ಮಾರೋ ಯೋಚನೆ ಇದ್ರೆ ಮೊದಲು ನನಗೆ ಹೇಳಿ" ಎಂದರು ರೆಪ್ಪೆತಾತ.

ಅವರನ್ನು ದೂರುವುದಿಲ್ಲ. ಅವರು ನೋಡಿದ್ದು ಫೋಟೋ. ಆ ಗೋಡೆಯ ಮುಂದೆ ನಿಂತಿದ್ದವನು ನಾನು, ಅದನ್ನು ಬೇಕೆಂದೇ ಕರಗಿಸಿದವನೂ ನಾನು. ಲೆನ್ಸಿನ ಉಂಗುರವನ್ನು ಒಂದಿಷ್ಟು ಆ ಕಡೆ ತಿರುಗಿಸಿ ಬಾಯಿ ಕಿರಿದು ಮಾಡಿದ್ದರೆ ಒಂದೊಂದು ಅಕ್ಷರವೂ ಇರುತ್ತಿತ್ತು. ಅಷ್ಟೇ ಕೆಲಸ. ಅದನ್ನು ಮಾಡಿದರೆ ಅಂಜುಬುರುಕನಾಗಿಬಿಡುತ್ತೇನೆಂದು ಮಾಡಲಿಲ್ಲ.

ಭಾನುವಾರ ಅತ್ತೆ ಮಾವನವರ ಮನೆಗೆ ಹೋದೆವು. ನಡುಮನೆಯ ಗೋಡೆಯಲ್ಲಿ ಆ ಚಿತ್ರ ನೇತಾಡುತ್ತಿತ್ತು!

"ಬೇಡ ಮಾವ, ತೆಗೆದುಬಿಡೋಣ. ನೋಡೋಕಾಗ್ತಿಲ್ಲ."

"ಇರಲಿ ಬಿಡಿ. ಕಾಣದಿದ್ರೇನು, ಜಾಗ ಅದೇ ಅಲ್ವಾ" ಎಂದು ಮಾವ ಎದ್ದು ಬಂದರು. ಚಿತ್ರದ ನೇರಳೆ ಮಬ್ಬಿನ ಮೇಲೆ ಬೆರಳಿಟ್ಟರು. "ಇಲ್ಲಿ ದಂತವೈದ್ಯರು. ಅವರ ಪಕ್ಕದಲ್ಲೇ ಬ್ಯಾಂಕು. ಆ ಮೊಹರು ಗುಂಡಗೆ ಬರೋಕೆ ಎಷ್ಟು ಒದ್ದಾಡಿದೀನಿ ಗೊತ್ತಾ! ಇಲ್ಲಿ... ಇಲ್ಲಿ ಯಾವುದಪ್ಪಾ..." ಬೆರಳು ನಿಂತಿತು. ಮಾವ ಹಣೆ ಸುಕ್ಕುಗಟ್ಟಿಸಿ ಆ ಮಬ್ಬನ್ನೇ ನೋಡಿದರು. "ಮರೆತುಹೋಯ್ತು. ಇದೊಂದು ಓದ್ಬೇಕಾಗಿತ್ತು."

ನನಗೆ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು. "ಮಾವ, ನನ್ನಿಂದ ದೊಡ್ಡ ತಪ್ಪಾಯ್ತು" ಎಂದೆ. ಇಷ್ಟು ಚಿಕ್ಕ ಮಾತನ್ನು ಹೇಳುವುದಕ್ಕೆ ಅಷ್ಟು ದಿನ ಬೇಕಾಗಿತ್ತು.

ಮಾವ ನನ್ನ ಭುಜ ತಟ್ಟಿ, ಬಗ್ಗಿ ಕೆಳಗಿನ ಮೂಲೆಗೆ ಬೆರಳಿಟ್ಟರು. "ಇದು ಮಾತ್ರ ಮರೆತಿಲ್ಲ. ಇಲ್ಲೆಲ್ಲ ನಮ್ಮ ಹುಡುಗೀದು." ಹೆಂಡತಿ ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಆ ಮೂಲೆಯನ್ನೇ ಸವರಿದಳು.

ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು. ಚಿತ್ರವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

"ಎಲ್ಲಾ ಸರಿ. ನಾನೆಲ್ಲಿ?"

ಆಗ ನನಗೆ ಆ ಕೆಂಪು ಮುದ್ದೆ ಏನೆಂದು ಹೊಳೆಯಿತು!

"ಅತ್ತೆ... ನೀವು ಮೂಲ ಪ್ರತೀಲಿ ಇದೀರಿ."

"ಕಾಣ್ತೀನಾ?"

"ಕೆಂಪಗೆ ಕಾಣ್ತೀರಿ."

"ಮತ್ತೆ ಇದರಲ್ಲಿ?"

"ಕಣ್ಣು ನಿಮ್ಮ ಕಡೆಗೇ ಓಡುತ್ತೆ ಅಂತ ಒಬ್ಬರು ಹೇಳಿದ್ರು... ಅದಕ್ಕೆ ಕತ್ತರಿಸಿಬಿಟ್ಟೆ."

ಮಾವ ನೆಟ್ಟಗೆ ನಿಂತರು. ಅವರ ಬೆರಳು ಚಿತ್ರದ ಮೇಲೆ ಬಲಕ್ಕೆ ಸರಿಯಿತು, ಚೌಕಟ್ಟನ್ನು ದಾಟಿತು, ಬರಿಯ ಗೋಡೆಯ ಮೇಲೆ ಹೋಗಿ ನಿಂತಿತು. "ನೀನು ಇಲ್ಲಿದ್ದೆ ಕಣೇ. ಇಲ್ಲೇ" ಎಂದರು.

ಅತ್ತೆ ಹೋಗಿ ಅಲ್ಲೇ, ಚೌಕಟ್ಟಿನ ಪಕ್ಕದಲ್ಲಿ, ಬೆರಳು ತೋರಿಸಿದ ಜಾಗಕ್ಕೆ ಬೆನ್ನು ಕೊಟ್ಟು ನಿಂತರು. ಮಾವ ಅವರ ಪಕ್ಕದಲ್ಲಿ ನಿಂತುಕೊಂಡರು. ಅಷ್ಟರಲ್ಲಿ ನನ್ನ ಹೆಂಡತಿ ಚೀಲದ ಜಿಪ್ಪು ಎಳೆದು ಫೋನ್ ತೆಗೆದಳು. ಈ ಸಲ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನಾನು ತೆಪ್ಪಗೆ ಬಾಗಿಲ ಕಡೆ ಸರಿದೆ.

"ಅಳಿಯಂದಿರೇ, ಎಲ್ಲಿಗೆ ಹೊರಟ್ರಿ? ನೀವೂ ಬನ್ನಿ" ಎಂದು ಮಾವ ಕರೆದರು.

"ನಾನು ಬೇಡ ಮಾವ. ಯಾವ ಮುಖ ಇಟ್ಕೊಂಡು ಬರಲಿ?"

"ಬನ್ನಿ ಬನ್ನಿ, ನಮ್ಮ ಹಿಂದೆ ನಿಂತ್ಕೊಳ್ಳಿ."

ಇಬ್ಬರೂ ಒಂದು ಹೆಜ್ಜೆ ಮುಂದೆ ಸರಿದು ಜಾಗ ಬಿಟ್ಟರು. ಹೋಗಿ ಅವರ ಹಿಂದೆ, ಗೋಡೆಗೆ ಅಂಟಿಕೊಂಡು ನಿಂತೆ. ಕಣ್ಣು ತೇವವಾಗಿತ್ತು. ಇಂಥವರಿಗೆ ನಾನು ಅಳಿಯನಾದೆನಲ್ಲ ಎಂದು ಮನಸ್ಸು ತುಂಬಿ ಬಂತು. ಮಾವ ಅಂಗಿಯ ಗುಂಡಿ ಸರಿ ಮಾಡಿಕೊಂಡು, ಗಲ್ಲ ಎತ್ತಿ, ಹೊಸ ಕಣ್ಣುಗಳನ್ನು ಅಗಲಿಸಿ ಮಗಳಿಗೆ ಹೇಳಿದರು:

"ನನ್ನನ್ನೂ ನಿಮ್ಮಮ್ಮನನ್ನೂ ಸರಿಯಾಗಿ ಹಿಡಿಯಮ್ಮಾ. ಹಿಂದೆ ಇರೋರು ಮಸುಕಾದ್ರೂ ಪರವಾಗಿಲ್ಲ!"